ಕೆಮ್ಮಿನ ಲೆಕ್ಕ ಇಡುವುದು ಹೇಗೆ?

"ಈ ಸಲ ಜ್ವರ, ಕೆಮ್ಮು ಸಿಕ್ಕಾಪಟ್ಟೆ ಇದೆ" ಅಂತ ಯಾರಾದರೂ ಹೇಳಿದರೆ ಮೂರು ಪ್ರಶ್ನೆ ಕೇಳಿ ನೋಡಿ. ಎಷ್ಟು ಜಾಸ್ತಿ? ಯಾವಾಗಿಗಿಂತ ಜಾಸ್ತಿ? ಯಾವ ವೈರಸ್ಸಿನಿಂದ? ಹೆಚ್ಚಿನ ಕಡೆ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಈ ಮೂರಕ್ಕೂ ವಾರವಾರ ಉತ್ತರ ಸಿಗುವ ಹಾಗೆ ಲೆಕ್ಕ ಇಡುವ ಕೆಲಸಕ್ಕೆ ರೋಗ ಕಣ್ಗಾವಲು ಅನ್ನುತ್ತಾರೆ.

ಆಸ್ಪತ್ರೆಯಲ್ಲೋ ಆರೋಗ್ಯ ಕೇಂದ್ರದಲ್ಲೋ ಈ ಕೆಲಸ ಹೊಸದಾಗಿ ಹೆಗಲಿಗೆ ಬಿದ್ದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ವಾರದ ವರದಿಯನ್ನು ಸುಮ್ನೆ ಓದುವವರಿಗೂ ಉಪಯೋಗ ಆಗಬಹುದು. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಎಲ್ಲಾ ರೋಗಿಗಳನ್ನೂ ಎಣಿಸಲು ಹೋಗಬೇಡಿ. ಅದು ಆಗುವ ಕೆಲಸ ಅಲ್ಲ. ಜ್ವರ, ಕೆಮ್ಮು ಬಂದವರಲ್ಲಿ ಬಹಳ ಜನ ಮನೆಯಲ್ಲೇ ಮಲಗಿ ಎದ್ದುಬಿಡುತ್ತಾರೆ, ಯಾವ ರಿಜಿಸ್ಟರಿಗೂ ಸಿಗುವುದಿಲ್ಲ. ಕೆಲವರನ್ನೇ ಎಣಿಸಿ, ಆದರೆ ಪ್ರತಿ ವಾರವೂ ಒಂದೇ ರೀತಿ ಎಣಿಸಿ. ಮುಂದೆ ಹೇಳುವುದೆಲ್ಲ ಈ "ಒಂದೇ ರೀತಿ"ಯನ್ನು ಕಾಪಾಡಿಕೊಳ್ಳುವ ದಾರಿಗಳು.

1. ಯಾರನ್ನು ಎಣಿಸುತ್ತೀರಿ ಅಂತ ಬರೆದು ಗೋಡೆಗೆ ಅಂಟಿಸಿ

ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಎರಡು ಅಳತೆಗೋಲು ಕೊಟ್ಟಿದೆ. ಮೊದಲನೆಯದು ಐಎಲ್‌ಐ, ಅಂದರೆ ಫ್ಲೂ ತರಹದ ಕಾಯಿಲೆ. ಥರ್ಮಾಮೀಟರ್ ಇಟ್ಟು ನೋಡಿದಾಗ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಇರಬೇಕು, ಜೊತೆಗೆ ಕೆಮ್ಮು ಇರಬೇಕು, ಕಾಯಿಲೆ ಕಳೆದ 10 ದಿನದೊಳಗೆ ಶುರುವಾಗಿರಬೇಕು. ಎರಡನೆಯದು ಸಾರಿ, ಅಂದರೆ ಉಸಿರಾಟದ ತೀವ್ರ ಸೋಂಕು. ಜ್ವರ ಇದೆ ಅಥವಾ ಬಂದು ಹೋಗಿದೆ, ಕೆಮ್ಮು ಇದೆ, 10 ದಿನದೊಳಗೆ ಶುರುವಾಗಿದೆ, ಆಸ್ಪತ್ರೆಗೆ ಸೇರಿಸಲೇಬೇಕಾದ ಸ್ಥಿತಿ ಇದೆ. ಐಎಲ್‌ಐ ಹೊರರೋಗಿಗಳ ಲೆಕ್ಕ, ಸಾರಿ ಒಳರೋಗಿಗಳ ಲೆಕ್ಕ. ಎರಡನ್ನೂ ಬೆರೆಸಬೇಡಿ.

ಡಾಕ್ಟರುಗಳು ಇಲ್ಲಿ ಒಮ್ಮೊಮ್ಮೆ ತಕರಾರು ತೆಗೆಯುತ್ತಾರೆ. "37.6 ಇದೆ, ಆದರೆ ನೋಡಿದರೆ ಫ್ಲೂ ಅಂತ ಗೊತ್ತಾಗುತ್ತೆ, ಸೇರಿಸಿಕೊಳ್ಳಿ" ಅನ್ನುತ್ತಾರೆ. ಅವರು ಹೇಳುವುದು ಸರಿಯೇ ಇರಬಹುದು. ಆದರೂ ಸೇರಿಸಬೇಡಿ. ಇದು ರೋಗ ಪತ್ತೆ ಮಾಡುವ ನಿಯಮ ಅಲ್ಲ, ಎಣಿಸುವ ನಿಯಮ. ಚಿಕಿತ್ಸೆ ಕೊಡಲು ಈ ಸಾಲುಗಳು ಅಡ್ಡ ಬರುವುದೂ ಇಲ್ಲ.

ನಾನು ಒಂದು ಕಡೆ ಈ ಲೆಕ್ಕ ನೋಡುತ್ತಿದ್ದಾಗ ಒಂದು ವಾರ ಐಎಲ್‌ಐ ಇದ್ದಕ್ಕಿದ್ದಂತೆ ಎರಡು ಪಟ್ಟಾಯಿತು. ಎಲ್ಲರಿಗೂ ಗಾಬರಿ. ಎರಡು ದಿನ ಫೋನಿನಲ್ಲೇ ಕಳೆದೆವು. ಕೊನೆಗೆ ನೋಡಿದರೆ ರಿಜಿಸ್ಟರ್ ಬರೆಯುವವರು ಬದಲಾಗಿದ್ದರು. ಹೊಸಬರಿಗೆ ಯಾರೂ ನಿಯಮ ಹೇಳಿರಲಿಲ್ಲ, ಅವರು ಪಾಪ ಜ್ವರವಿಲ್ಲದ ಬರೀ ನೆಗಡಿಯನ್ನೂ ಸೇರಿಸಿದ್ದರು. ಗೋಡೆಗೆ ಅಂಟಿಸಿ ಅಂದಿದ್ದು ಅದಕ್ಕೇ.

ಒಂದು ವಿನಾಯಿತಿ ಇದೆ. ಪುಟ್ಟ ಮಕ್ಕಳನ್ನು ಜಾಸ್ತಿ ಕಾಡುವ ಆರ್‌ಎಸ್‌ವಿ ವೈರಸ್ಸಿನ ಮೇಲೆ ಕಣ್ಣಿಡಬೇಕಾದರೆ ಜ್ವರದ ಷರತ್ತು ತೆಗೆಯಬೇಕು. ಆರ್‌ಎಸ್‌ವಿ ತಗುಲಿದ ಎಳೆಯ ಕೂಸಿಗೆ ಬಹಳ ಸಲ ಜ್ವರವೇ ಇರುವುದಿಲ್ಲ. ಆರು ತಿಂಗಳೊಳಗಿನ ಮಗುವಿನಲ್ಲಿ ನಡುನಡುವೆ ಉಸಿರು ನಿಲ್ಲುವುದೇ ಲಕ್ಷಣವಾಗಿರಬಹುದು. ಈ ಲೆಕ್ಕಕ್ಕೆ ಬೇರೆ ಕಾಲಂ ಮಾಡಿ.

2. ಕಡಿಮೆ ಜಾಗ ಆರಿಸಿ, ಕೆಳಗಿನ ಅಂಕಿಯನ್ನು ಮರೆಯಬೇಡಿ

ನೂರು ಕ್ಲಿನಿಕ್‌ಗಳಿಂದ ಅರ್ಧಂಬರ್ಧ ಮಾಹಿತಿ ತರಿಸುವುದಕ್ಕಿಂತ ಐದಾರು ಕಡೆಯಿಂದ ಗಟ್ಟಿ ಮಾಹಿತಿ ತರಿಸುವುದು ಮೇಲು. ಹೀಗೆ ಆರಿಸಿದ ಕೇಂದ್ರಗಳಿಗೆ ಸೆಂಟಿನೆಲ್ ಕೇಂದ್ರ ಅನ್ನುತ್ತಾರೆ. ಮಕ್ಕಳು, ದೊಡ್ಡವರು, ವಯಸ್ಸಾದವರು ಎಲ್ಲರೂ ಬರುವ ಜಾಗ ಇರಲಿ. ಮುಖ್ಯವಾಗಿ, ಅಲ್ಲಿ ಕೆಲಸ ಮಾಡುವವರಿಗೆ ಮನಸ್ಸಿರಬೇಕು. ದೊಡ್ಡ ಹೆಸರಿನ ಆಸ್ಪತ್ರೆಗಿಂತ ವಾರ ತಪ್ಪದೆ ವರದಿ ಕಳಿಸುವ ಸಣ್ಣ ಕೇಂದ್ರವನ್ನೇ ನಾನು ಆರಿಸುತ್ತೇನೆ.

ಹೊಸಬರು ಸಾಮಾನ್ಯವಾಗಿ ಎಡವುವುದು ಇನ್ನೊಂದು ಕಡೆ. ಐಎಲ್‌ಐ ರೋಗಿಗಳನ್ನು ಎಣಿಸುತ್ತಾರೆ, ಒಟ್ಟು ರೋಗಿಗಳನ್ನು ಎಣಿಸುವುದಿಲ್ಲ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೊದಲ ವಾರ ಒಟ್ಟು 400 ಜನ ಬಂದರು, ಅದರಲ್ಲಿ 20 ಐಎಲ್‌ಐ. ಎರಡನೇ ವಾರ ರಜೆ ಇತ್ತು, 200 ಜನ ಮಾತ್ರ ಬಂದರು, ಐಎಲ್‌ಐ 14. ಬರೀ 20 ಮತ್ತು 14 ನೋಡಿದವರು ಕಾಯಿಲೆ ಇಳಿಯಿತು ಅಂದುಕೊಳ್ಳುತ್ತಾರೆ. ಭಾಗಿಸಿ ನೋಡಿ. ಮೊದಲ ವಾರ ಶೇ 5, ಎರಡನೇ ವಾರ ಶೇ 7. ಕಾಯಿಲೆ ಏರುತ್ತಿದೆ! ಹಾಗಾಗಿ ಆ ವಾರ ಬಂದ ಒಟ್ಟು ಹೊರರೋಗಿಗಳ ಸಂಖ್ಯೆ ವರದಿಯಲ್ಲಿ ಇರಲೇಬೇಕು. ಅದೇ ಛೇದ. ಅದಿಲ್ಲದ ವರದಿ ಬಂದರೆ ವಾಪಸ್ ಕಳಿಸಿ, ಮುಲಾಜು ನೋಡಬೇಡಿ.

ರಜೆಯ ವಾರದಲ್ಲಿ ಸಣ್ಣಪುಟ್ಟ ತೊಂದರೆಗೆ ಯಾರೂ ಆಸ್ಪತ್ರೆಗೆ ಬರುವುದಿಲ್ಲ, ಜ್ವರ ಸುಡುತ್ತಿರುವವರು ಮಾತ್ರ ಬರುತ್ತಾರೆ. ಆ ಕಾರಣಕ್ಕೂ ಶೇಕಡಾ ಲೆಕ್ಕ ಸ್ವಲ್ಪ ಏರಬಹುದು. ಒಂದು ವಾರದ ಏರಿಕೆಗೆ ಓಡಬೇಡಿ, ಮುಂದಿನ ವಾರವನ್ನೂ ನೋಡಿ. ರಜೆ ಇದ್ದ ವಾರದ ಪಕ್ಕ ಒಂದು ಗುರುತು ಹಾಕಿಡಿ. ಮುಂದಿನ ವರ್ಷ ಹೋಲಿಸುವಾಗ ನೆನಪಿರುವುದಿಲ್ಲ.

ವಾರ ಅಂದರೆ ಯಾವ ದಿನದಿಂದ ಯಾವ ದಿನಕ್ಕೆ ಅನ್ನುವುದನ್ನೂ ಮೊದಲೇ ತೀರ್ಮಾನಿಸಿ. ಕೆಲವು ದೇಶಗಳು ಸೋಮವಾರದಿಂದ ಭಾನುವಾರ ಲೆಕ್ಕ ಹಿಡಿಯುತ್ತವೆ, ಕೆಲವು ಭಾನುವಾರದಿಂದ ಶನಿವಾರ. ಕೆಲವು ವರ್ಷಕ್ಕೆ 53 ವಾರ ಬರುತ್ತದೆ, ಆಗ ಎಕ್ಸೆಲ್ ಹಾಳೆ ಕೈಕೊಡುತ್ತದೆ.

3. ಯಾರ ಸ್ವಾಬ್ ತೆಗೆಯಬೇಕು?

ಲಕ್ಷಣ ನೋಡಿ ಯಾವ ವೈರಸ್ ಅಂತ ಹೇಳಲಾಗುವುದಿಲ್ಲ. ಫ್ಲೂ, ಕೋವಿಡ್, ಆರ್‌ಎಸ್‌ವಿ, ಎಲ್ಲದರ ಕೆಮ್ಮೂ ಕೆಮ್ಮೇ. ಹಾಗಾಗಿ ಕೆಲವರ ಮೂಗಿನ, ಗಂಟಲಿನ ದ್ರವವನ್ನು ಲ್ಯಾಬಿಗೆ ಕಳಿಸಬೇಕು.

"ಕೆಲವರು" ಯಾರು ಅನ್ನುವುದನ್ನು ನಿಮ್ಮ ಇಷ್ಟಕ್ಕೆ ಬಿಡಬೇಡಿ. ಬಿಟ್ಟರೆ ಏನಾಗುತ್ತದೆ ಗೊತ್ತಾ? ತುಂಬಾ ಸುಸ್ತಾದವರದ್ದೇ ಸ್ವಾಬ್ ತೆಗೆಯುತ್ತೀರಿ. ಅಳುವ ಮಗುವನ್ನು ಬಿಟ್ಟುಬಿಡುತ್ತೀರಿ. ಕ್ಯೂ ಉದ್ದ ಇದ್ದ ದಿನ ಯಾರದ್ದೂ ತೆಗೆಯುವುದಿಲ್ಲ. ಹೀಗೆ ಬಂದ ಅಂಕಿ ಊರಿನ ಕಥೆ ಹೇಳುವುದಿಲ್ಲ, ನಿಮ್ಮ ಅನುಕೂಲದ ಕಥೆ ಹೇಳುತ್ತದೆ. ಅದರ ಬದಲು ನಿಯಮ ಮಾಡಿಕೊಳ್ಳಿ. ದಿನದ ಮೊದಲ ಇಬ್ಬರು ಐಎಲ್‌ಐ ರೋಗಿಗಳು, ಅಥವಾ ಪ್ರತಿ ಐದನೆಯವರು. ಯಾವುದಾದರೂ ಸರಿ, ಬದಲಾಯಿಸಬೇಡಿ. ರೋಗಿ ಒಪ್ಪದಿದ್ದರೆ ಒತ್ತಾಯ ಬೇಡ, ಮುಂದಿನವರನ್ನು ಕೇಳಿ.

ಇನ್ನು ಸ್ವಾಬ್ ತೆಗೆಯುವ ಕೈ. ಕಡ್ಡಿ ಪಾಲಿಯೆಸ್ಟರ್ ಅಥವಾ ಅಂಥ ಕೃತಕ ನೂಲಿನ ತುದಿಯದ್ದಾಗಿರಬೇಕು, ಹಿಡಿ ಪ್ಲಾಸ್ಟಿಕ್‌ನದ್ದು. ಮರದ ಕಡ್ಡಿಗೆ ಹತ್ತಿ ಸುತ್ತಿದ್ದು ಬೇಡ, ಅದರಲ್ಲಿನ ಅಂಶಗಳು ವೈರಸ್ ಪತ್ತೆ ಮಾಡುವ ಪಿಸಿಆರ್ ಪರೀಕ್ಷೆಯನ್ನೇ ಕೆಡಿಸಬಹುದು. ಮೂಗಿನೊಳಗೆ ಕಡ್ಡಿ ಮೇಲಕ್ಕೆ ಹೋಗಬಾರದು, ನೇರ ಹಿಂದಕ್ಕೆ, ಕಿವಿಯ ದಿಕ್ಕಿಗೆ ಹೋಗಬೇಕು. ಹೊಸಬರು ಹೆದರಿ ಮೂಗಿನ ತುದಿಯಲ್ಲೇ ತಿರುಗಿಸಿ ತೆಗೆದುಬಿಡುತ್ತಾರೆ. ಹಿಂದೆ ತಡೆ ಸಿಕ್ಕ ಮೇಲೆ ಮೆಲ್ಲಗೆ ತಿರುಗಿಸಿ, ಕೆಲವು ಕ್ಷಣ ಅಲ್ಲೇ ಬಿಟ್ಟು ಹೊರಗೆ ತೆಗೆಯಿರಿ. ರೋಗಿಯ ಕಣ್ಣಲ್ಲಿ ನೀರು ಬಂದರೆ ಗಾಬರಿ ಬೇಡ, ಅದು ಸಹಜ. ತಕ್ಷಣ ದ್ರಾವಣದ ಟ್ಯೂಬಿಗೆ ಹಾಕಿ, ಗುರುತು ಇರುವಲ್ಲಿ ಕಡ್ಡಿ ಮುರಿದು, ಮುಚ್ಚಳ ಬಿಗಿ ಮಾಡಿ. ಲೇಬಲ್ಲನ್ನು ಟ್ಯೂಬಿಗೆ ಅಂಟಿಸಿ, ಮುಚ್ಚಳಕ್ಕಲ್ಲ. ಮುಚ್ಚಳ ಅದಲುಬದಲಾಗುತ್ತದೆ.

ಟ್ಯೂಬ್ 2ರಿಂದ 8 ಡಿಗ್ರಿಯಲ್ಲಿರಲಿ, ಮೂರು ದಿನದೊಳಗೆ ಲ್ಯಾಬ್ ಮುಟ್ಟಲಿ. ಅದಕ್ಕಿಂತ ತಡವಾಗುವುದಾದರೆ ಮೈನಸ್ 70 ಡಿಗ್ರಿ ಬೇಕು. ಐಸ್‌ಕ್ರೀಮ್ ಇಡುವಂಥ ಫ್ರೀಜರ್‌ನಲ್ಲಿ ಇಟ್ಟು ತೆಗೆದು ಮಾಡಿದರೆ ವೈರಸ್ ಹಾಳು. ಶುಕ್ರವಾರ ಸಂಜೆ ತೆಗೆದ ಸ್ವಾಬ್ ಯಾವಾಗ ಹೊರಡುತ್ತದೆ ಅನ್ನುವುದನ್ನು ಸೋಮವಾರವೇ ಯೋಚಿಸಿ.

ಚೀಟಿಯಲ್ಲಿ ಹೆಸರು ಬೇಡ, ಕೋಡ್ ಸಾಕು. ವಯಸ್ಸು, ಗಂಡೋ ಹೆಣ್ಣೋ, ಕಾಯಿಲೆ ಶುರುವಾದ ದಿನ, ಸ್ವಾಬ್ ತೆಗೆದ ದಿನ, ಲಸಿಕೆ ಆಗಿದೆಯಾ. ಇದಕ್ಕಿಂತ ಜಾಸ್ತಿ ಕೇಳಿದರೆ ಯಾರೂ ತುಂಬುವುದಿಲ್ಲ. 40 ಕಾಲಂನ ಫಾರಂ ಮಾಡಿದವರಿಗೆ 35 ಖಾಲಿ ಕಾಲಂ ಸಿಗುತ್ತದೆ.

4. ಪಾಸಿಟಿವಿಟಿ ಓದುವುದು

100 ಸ್ವಾಬ್‌ನಲ್ಲಿ 30 ಫ್ಲೂ ಪಾಸಿಟಿವ್ ಬಂದರೆ ಪಾಸಿಟಿವಿಟಿ ಶೇ 30. ಹತ್ತರಲ್ಲಿ ಮೂರು ಬಂದರೂ ಶೇ 30. ಆದರೆ ಎರಡೂ ಒಂದೇ ಅಲ್ಲ. ನೂರರ ಲೆಕ್ಕದಲ್ಲಿ ನಿಜವಾದ ಪ್ರಮಾಣ ಸುಮಾರು ಶೇ 21ರಿಂದ 40ರ ನಡುವೆ ಇರಬಹುದು. ಹತ್ತರ ಲೆಕ್ಕದಲ್ಲಿ ಶೇ 7ರಿಂದ 65ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಅಂದರೆ ಹತ್ತು ಸ್ವಾಬ್‌ನಿಂದ ಹೆಚ್ಚೇನೂ ಗೊತ್ತಾಗಿಲ್ಲ ಅಂತಲೇ ಅರ್ಥ. ಸ್ವಾಬ್ ಕಡಿಮೆ ಇದ್ದರೆ ಎರಡು ಮೂರು ವಾರದ್ದನ್ನು ಕೂಡಿಸಿ ನೋಡಿ. ಶೇಕಡಾ ಪಕ್ಕದಲ್ಲಿ ಎಷ್ಟು ಪರೀಕ್ಷೆ ಅಂತ ಯಾವಾಗಲೂ ಬರೆಯಿರಿ.

ಫ್ಲೂ ಪಾಸಿಟಿವಿಟಿ ಶೇ 10 ದಾಟಿದರೆ ಸೀಸನ್ ಶುರುವಾಯಿತು ಅಂತ ಯುರೋಪಿನಲ್ಲಿ ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಆ ಗೆರೆ ನಿಮಗೆ ಹೊಂದಲೇಬೇಕೆಂದಿಲ್ಲ. ವರ್ಷವಿಡೀ ಫ್ಲೂ ಸುಳಿದಾಡುವ ಬಿಸಿ ಪ್ರದೇಶಗಳಲ್ಲಿ ಸ್ವಂತ ಗೆರೆ ಬೇಕು. ಅದಕ್ಕೆ ಕಡೇಪಕ್ಷ ಮೂರು ವರ್ಷದ, ಸಾಧ್ಯವಾದರೆ ಐದು ವರ್ಷದ ಹಳೆಯ ಲೆಕ್ಕ ಇರಬೇಕು.

ನನಗೆ ತುಂಬಾ ಉಪಯೋಗಕ್ಕೆ ಬಂದ ಲೆಕ್ಕ ಒಂದಿದೆ. ಐಎಲ್‌ಐ ಶೇಕಡಾವನ್ನು ಪಾಸಿಟಿವಿಟಿಯಿಂದ ಗುಣಿಸುವುದು. ಮೇಲಿನ ಉದಾಹರಣೆಯಲ್ಲೇ ನೋಡಿ. ಮೊದಲ ವಾರ ಐಎಲ್‌ಐ ಶೇ 5, ಫ್ಲೂ ಪಾಸಿಟಿವಿಟಿ ಶೇ 10 ಅಂತಿಟ್ಟುಕೊಳ್ಳಿ. ಗುಣಿಸಿದರೆ ಶೇ 0.5. ಎರಡನೇ ವಾರ ಶೇ 7 ಮತ್ತು ಶೇ 30. ಗುಣಿಸಿದರೆ ಶೇ 2.1. ಐಎಲ್‌ಐ ಬರೀ ಐದರಿಂದ ಏಳಕ್ಕೆ ಏರಿದ್ದು, ಆದರೆ ಫ್ಲೂ ನಾಲ್ಕು ಪಟ್ಟಿಗಿಂತ ಜಾಸ್ತಿ ಏರಿದೆ. ಉಳಿದ ಕೆಮ್ಮುಗಳ ಗದ್ದಲದಿಂದ ಫ್ಲೂ ಒಂದನ್ನೇ ಹೀಗೆ ಬಿಡಿಸಿ ನೋಡಬಹುದು.

ಪಾಸಿಟಿವ್ ಬಂದ ಕೆಲವನ್ನು ವೈರಸ್ಸಿನ ತಳಿ ಓದುವ ಪರೀಕ್ಷೆಗೆ, ಅಂದರೆ ಜೀನೋಮ್ ಸೀಕ್ವೆನ್ಸಿಂಗ್‌ಗೆ ಕಳಿಸಿ. ವೈರಸ್ ಚೆನ್ನಾಗಿ ಸಿಕ್ಕ, ಅಂದರೆ ಸಿಟಿ ಮೌಲ್ಯ (ವೈರಸ್ ಕಾಣಲು ಪಿಸಿಆರ್‌ಗೆ ಬೇಕಾದ ಸುತ್ತುಗಳ ಸಂಖ್ಯೆ) ಕಡಿಮೆ ಇರುವ ಸ್ಯಾಂಪಲ್ ಬೇಕು. ಸೀರಿಯಸ್ ಆದವರದ್ದನ್ನೇ ಕಳಿಸಬೇಡಿ, ಸಾಧಾರಣ ಕಾಯಿಲೆಯವರದ್ದೂ ಇರಲಿ. ಈ ಸ್ಯಾಂಪಲ್‌ಗಳು ಎಲ್ಲಿಗೆ ಹೋಗುತ್ತವೆ ಅಂತ ತಿಳಿದರೆ ಕೆಲಸ ಬೇಜಾರಾಗುವುದಿಲ್ಲ. 1952ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಫ್ಲೂ ಜಾಲ ನಡೆಯುತ್ತಿದೆ. ನೂರಕ್ಕೂ ಹೆಚ್ಚು ದೇಶಗಳ ಲ್ಯಾಬ್‌ಗಳು ಅದರಲ್ಲಿವೆ. ವರ್ಷಕ್ಕೆರಡು ಸಲ, ಫೆಬ್ರವರಿಯಲ್ಲಿ ಭೂಮಿಯ ಉತ್ತರಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣಾರ್ಧಕ್ಕೆ, ಲಸಿಕೆಯಲ್ಲಿ ಯಾವ ತಳಿ ಇರಬೇಕು ಅಂತ ಅಲ್ಲಿ ತೀರ್ಮಾನ ಆಗುತ್ತದೆ. ಬಿ ಯಮಗಾಟ ಅನ್ನುವ ಫ್ಲೂ ತಳಿ 2020ರ ಮಾರ್ಚ್ ನಂತರ ಖಚಿತವಾಗಿ ಎಲ್ಲೂ ಸಿಕ್ಕಿಲ್ಲ. ಅದನ್ನು ಲಸಿಕೆಯಿಂದ ಕೈಬಿಡಬಹುದು ಅಂತ 2023ರಲ್ಲಿ ಹೇಳಿದರು. "ಇಲ್ಲ" ಅಂತ ಅಷ್ಟು ಧೈರ್ಯವಾಗಿ ಹೇಳಬೇಕಾದರೆ ಎಷ್ಟು ಸಾವಿರ ಮೂಗು ನೋಡಿರಬೇಕು, ಅಲ್ವಾ?

5. ಕೊಳಚೆ ನೀರು

ಆಸ್ಪತ್ರೆಗೆ ಬಾರದವರನ್ನು ಹಿಡಿಯುವ ದಾರಿ ಇದು. ಕೋವಿಡ್ ಸೋಂಕು ತಗುಲಿದ ಬಹಳಷ್ಟು ಜನರ ಮಲದಲ್ಲಿ ವೈರಸ್ಸಿನ ಚೂರುಗಳು ಹೋಗುತ್ತವೆ, ಲಕ್ಷಣ ಇಲ್ಲದಿದ್ದರೂ ಹೋಗುತ್ತವೆ. ಒಳಚರಂಡಿ ನೀರು ಶುದ್ಧೀಕರಣ ಘಟಕಕ್ಕೆ ಬರುವ ಬಾಯಲ್ಲಿ ಸ್ಯಾಂಪಲ್ ತೆಗೆದರೆ ಸಾವಿರಾರು ಜನರನ್ನು ಒಂದೇ ಬಾಟಲಿಯಲ್ಲಿ ಪರೀಕ್ಷೆ ಮಾಡಿದಂತೆ. ಪೋಲಿಯೋಗೆ ಈ ವಿಧಾನ ಹಳೆಯದು. 2020ರ ನಂತರ ಉಸಿರಾಟದ ಸೋಂಕುಗಳಿಗೂ ಬಳಕೆ ಹೆಚ್ಚಿತು.

ಒಂದೇ ಸಲ ಬಾಟಲಿ ಅದ್ದಿ ತೆಗೆಯುವುದಕ್ಕಿಂತ 24 ಗಂಟೆ ಸ್ವಲ್ಪಸ್ವಲ್ಪವೇ ತೆಗೆದು ಬೆರೆಸಿದ್ದು ಒಳ್ಳೆಯದು. ಬೆಳಗಿನ ನೀರೂ ಮಧ್ಯರಾತ್ರಿಯ ನೀರೂ ಬೇರೆ ಬೇರೆ. ಇನ್ನೊಂದು ತಲೆನೋವು ಮಳೆ. ಜೋರು ಮಳೆ ಬಂದರೆ ನೀರು ತೆಳ್ಳಗಾಗಿ ವೈರಸ್ ಕಡಿಮೆಯಾದಂತೆ ಕಾಣುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಮೆಣಸಿನ ಗಿಡದ ಎಲೆಗೆ ಬರುವ ಒಂದು ವೈರಸ್ ಇದೆ. ಮೆಣಸಿನಕಾಯಿ ಬಿದ್ದ ಊಟದ ಜೊತೆ ಹೊಟ್ಟೆಗೆ ಹೋಗಿ ಹಾಗೆಯೇ ಹೊರಗೆ ಬರುತ್ತದೆ, ಮನುಷ್ಯನಿಗೆ ಏನೂ ಮಾಡುವುದಿಲ್ಲ. ಕೊಳಚೆ ನೀರಿನಲ್ಲಿ ಅದು ಹೆಚ್ಚುಕಡಿಮೆ ಯಾವಾಗಲೂ ಇರುತ್ತದೆ. ಕೋವಿಡ್ ವೈರಸ್ಸನ್ನು ಈ ಮೆಣಸಿನ ವೈರಸ್ಸಿಗೆ ಹೋಲಿಸಿ ಅಳೆದರೆ, ನೀರು ತೆಳ್ಳಗಾಗಿದ್ದರೂ ಲೆಕ್ಕ ಅಷ್ಟು ತಪ್ಪುವುದಿಲ್ಲ.

ಎಷ್ಟು ಜನರಿಗೆ ಸೋಂಕು ಅಂತ ಕೊಳಚೆ ನೀರು ಹೇಳುವುದಿಲ್ಲ. ಏರುತ್ತಿದೆಯೋ ಇಳಿಯುತ್ತಿದೆಯೋ ಅಷ್ಟೇ ಹೇಳುತ್ತದೆ. ಯಾರಿಗೆ, ಯಾವ ವಯಸ್ಸಿಗೆ ಅಂತಲೂ ಗೊತ್ತಾಗುವುದಿಲ್ಲ. ಒಳಚರಂಡಿ ಇಲ್ಲದ ಮನೆಗಳು ಲೆಕ್ಕಕ್ಕೇ ಬರುವುದಿಲ್ಲ.

6. ಉಳಿದ ಕೆಲವು ದಾರಿಗಳು

ಸಾವಿನ ಲೆಕ್ಕ ಹಳೆಯದು. 1847ರಲ್ಲಿ ಲಂಡನ್ನಿನಲ್ಲಿ ಫ್ಲೂ ಬಂದಾಗ ಅಂಕಿಅಂಶ ತಜ್ಞ ವಿಲಿಯಂ ಫಾರ್, ಸಾಮಾನ್ಯವಾಗಿ ಆಗುವ ಸಾವಿಗಿಂತ ಎಷ್ಟು ಜಾಸ್ತಿ ಆಗಿದೆ ಅಂತ ಲೆಕ್ಕ ಹಾಕಿದ್ದರು. ಇಂದಿಗೂ ಹೆಚ್ಚುವರಿ ಸಾವು ಅಂತ ಹಾಗೇ ಲೆಕ್ಕ ಮಾಡುತ್ತಾರೆ. ಪರೀಕ್ಷೆ ಆಗದೆ ಸತ್ತವರೂ ಇದರಲ್ಲಿ ಸಿಗುತ್ತಾರೆ. ಆದರೆ ತಡ. ಸೋಂಕು ಏರಿದ ಎರಡು ಮೂರು ವಾರದ ಮೇಲೆಯೇ ಇದು ಏರುತ್ತದೆ.

ಶಾಲೆಗೆ ಗೈರಾದ ಮಕ್ಕಳು, ಔಷಧ ಅಂಗಡಿಯ ಮಾರಾಟ, ಸಹಾಯವಾಣಿಗೆ ಬಂದ ಕರೆ, ಇವೆಲ್ಲ ಬೇಗ ಸಿಗುವ ಸುಳಿವು. ಜೊತೆಗಿರಲಿ, ನಂಬಿ ಕೂರಬೇಡಿ. ಜನ ಹುಡುಕುವ ಪದಗಳನ್ನು ನೋಡಿ ಫ್ಲೂ ಲೆಕ್ಕ ಹೇಳುತ್ತೇವೆ ಅಂತ ಗೂಗಲ್ 2008ರಲ್ಲಿ ಒಂದು ಸೇವೆ ಶುರು ಮಾಡಿತ್ತು. 2012-13ರ ಸೀಸನ್ನಿನಲ್ಲಿ ಅದು ನಿಜಕ್ಕಿಂತ ಬಹಳ ಹೆಚ್ಚು ತೋರಿಸಿತು. 2015ರಲ್ಲಿ ನಿಲ್ಲಿಸಿಬಿಟ್ಟರು. ಜ್ವರ ಇದ್ದವರು ಹುಡುಕುತ್ತಾರೆ ನಿಜ, ಟಿವಿಯಲ್ಲಿ ಜ್ವರದ ಸುದ್ದಿ ನೋಡಿದವರೂ ಹುಡುಕುತ್ತಾರೆ.

7. ಲೆಕ್ಕಕ್ಕೆ ಸಿಗದ ಸುದ್ದಿಗೆ ಒಂದು ಫೋನ್ ನಂಬರ್ ಇರಲಿ

ಇಲ್ಲಿಯವರೆಗೆ ಹೇಳಿದ್ದೆಲ್ಲ ಗೊತ್ತಿರುವ ಕಾಯಿಲೆಗೆ. ಹೊಸ ಕಾಯಿಲೆ ಬಂದಾಗ ಶೇಕಡಾ ಏರುವ ಮೊದಲೇ ಯಾರದೋ ಕಣ್ಣಿಗೆ ಬೀಳುತ್ತದೆ. 2003ರ ಫೆಬ್ರವರಿ ಕೊನೆಯಲ್ಲಿ ವಿಯೆಟ್ನಾಮಿನ ಹನೋಯ್‌ನಲ್ಲಿ ಒಬ್ಬ ರೋಗಿಯನ್ನು ನೋಡಲು ಅಲ್ಲಿದ್ದ ವಿಶ್ವ ಆರೋಗ್ಯ ಸಂಸ್ಥೆಯ ವೈದ್ಯ ಕಾರ್ಲೋ ಉರ್ಬಾನಿ ಅವರನ್ನು ಕರೆಸಿದರು. ಇದು ಮಾಮೂಲಿ ನ್ಯುಮೋನಿಯಾ ಅಲ್ಲ ಅಂತ ಅವರಿಗೆ ಅನಿಸಿತು. ಆಸ್ಪತ್ರೆ ಸಿಬ್ಬಂದಿಯೇ ಒಬ್ಬೊಬ್ಬರಾಗಿ ಮಲಗತೊಡಗಿದ್ದರು. ಉರ್ಬಾನಿ ಎಚ್ಚರಿಸಿದರು. ಮಾರ್ಚ್ 12ಕ್ಕೆ ಇಡೀ ಜಗತ್ತಿಗೆ ಎಚ್ಚರಿಕೆ ಹೋಯಿತು. ಅದೇ ಸಾರ್ಸ್. ಆ ಸೋಂಕಿನಿಂದಲೇ ಉರ್ಬಾನಿ ಮಾರ್ಚ್ 29ಕ್ಕೆ ತೀರಿಕೊಂಡರು.

ನಿಮ್ಮ ಸಿಬ್ಬಂದಿಗೆ ಇಂಥ ನಾಲ್ಕು ಸಂಗತಿ ಹೇಳಿಕೊಡಿ. ಒಂದೇ ವಾರ್ಡಿನ ನರ್ಸ್, ಡಾಕ್ಟರ್‌ಗಳಿಗೆ ಒಟ್ಟಿಗೆ ಜ್ವರ. ಗಟ್ಟಿಮುಟ್ಟಾದ ಯುವಕರಿಗೆ ಕಾರಣ ಗೊತ್ತಾಗದ ತೀವ್ರ ನ್ಯುಮೋನಿಯಾ. ಒಂದೇ ಮನೆ ಅಥವಾ ಹಾಸ್ಟೆಲ್‌ನಲ್ಲಿ ಹಲವರು ಸೀರಿಯಸ್. ಸತ್ತ ಕೋಳಿ, ಹಕ್ಕಿ ಮುಟ್ಟಿದವರಿಗೆ ಜ್ವರ, ಕೆಮ್ಮು. ಇವುಗಳಲ್ಲಿ ಒಂದು ಕಂಡರೂ ವಾರದ ವರದಿಗೆ ಕಾಯದೆ ಅವತ್ತೇ ಫೋನ್ ಮಾಡಬೇಕು. ಮನುಷ್ಯರಲ್ಲಿ ಹೊಸ ಬಗೆಯ ಫ್ಲೂ ಕಂಡರೆ ದೇಶಗಳು 24 ಗಂಟೆಯೊಳಗೆ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕು ಅಂತ ಅಂತರರಾಷ್ಟ್ರೀಯ ನಿಯಮವೇ ಇದೆ. ದೇಶದೊಳಗಿನ ಕೆಲಸಕ್ಕೆ 7-1-7 ಅನ್ನುವ ಗುರಿ ಚಾಲ್ತಿಯಲ್ಲಿದೆ. ಶುರುವಾದ 7 ದಿನದೊಳಗೆ ಕಂಡುಹಿಡಿಯಬೇಕು, 1 ದಿನದಲ್ಲಿ ತಿಳಿಸಬೇಕು, ಮುಂದಿನ 7 ದಿನದಲ್ಲಿ ಮೊದಲ ಹಂತದ ಕ್ರಮ ಮುಗಿಸಬೇಕು.

ಹತ್ತು ಫೋನಿನಲ್ಲಿ ಒಂಬತ್ತು ಸುಳ್ಳು ಸುಳಿವೇ ಆಗಿರುತ್ತವೆ. ಫೋನ್ ಮಾಡಿದವರನ್ನು ಒಂದು ಸಲ ಗದರಿಸಿದರೂ ಸಾಕು, ಹನ್ನೊಂದನೆಯ ಫೋನ್ ಬರುವುದೇ ಇಲ್ಲ.

8. ಸೋಮವಾರದ ಒಂದು ಪುಟ

ವರದಿ ಒಂದು ಪುಟ ದಾಟದಿರಲಿ. ಮೇಲೆ ಎರಡು ಸಾಲಿನ ಮಾತು, ಕೆಳಗೆ ಗ್ರಾಫ್. ಈ ವರ್ಷದ ಗೆರೆಯ ಜೊತೆ ಹಿಂದಿನ ವರ್ಷಗಳ ಗೆರೆಯೂ ತೆಳ್ಳಗೆ ಕಾಣಲಿ. ಐಎಲ್‌ಐ, ಸಾರಿ, ಪಾಸಿಟಿವಿಟಿ ಮೂರೂ ಬೇರೆ ಬೇರೆ ಇರಲಿ. ಎಷ್ಟು ಕೇಂದ್ರಗಳು ವರದಿ ಕಳಿಸಿದವು ಅಂತಲೂ ಬರೆಯಿರಿ, ಆರರಲ್ಲಿ ಎರಡು ಕಳಿಸದಿದ್ದರೆ ಗೆರೆ ಸುಮ್ಮಸುಮ್ಮನೆ ಇಳಿಯುತ್ತದೆ. ಐದಕ್ಕಿಂತ ಕಡಿಮೆ ಇರುವ ಸಂಖ್ಯೆಯನ್ನು ಹೊರಗೆ ಹಾಕಬೇಡಿ, ಸಣ್ಣ ಊರಿನಲ್ಲಿ ಅದು ಯಾರು ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಗ್ರಾಫಿನ ಕೊನೆಯ ಎರಡು ವಾರ ಯಾವಾಗಲೂ ಇಳಿದಂತೆ ಕಾಣುತ್ತದೆ. ಕಾಯಿಲೆ ಇಳಿದಿರುವುದಿಲ್ಲ, ವರದಿ ಇನ್ನೂ ಬಂದಿರುವುದಿಲ್ಲ. ಆ ಭಾಗಕ್ಕೆ ಬೂದು ಬಣ್ಣ ಹಾಕಿ. ಪ್ರತಿ ಸೋಮವಾರದ ಫೈಲನ್ನು ತಾರೀಖು ಹಾಕಿ ಹಾಗೇ ಇಟ್ಟುಕೊಳ್ಳಿ, ಹಳೆಯದರ ಮೇಲೆ ಹೊಸದನ್ನು ಸೇವ್ ಮಾಡಬೇಡಿ. ಆರು ತಿಂಗಳಾದ ಮೇಲೆ ಕೊನೆಯ ವಾರದ ಅಂಕಿ ಸಾಮಾನ್ಯವಾಗಿ ಎಷ್ಟು ಏರುತ್ತದೆ ಅಂತ ನಿಮಗೇ ಅಂದಾಜು ಸಿಗುತ್ತದೆ.

ವರದಿಯ ಒಂದು ಪ್ರತಿ ಮೇಲಿನವರಿಗೆ ಹೋಗುತ್ತದೆ, ಅದು ಹೇಗೂ ಇದ್ದದ್ದೇ. ಇನ್ನೊಂದು ಪ್ರತಿಯನ್ನು ರಿಜಿಸ್ಟರ್ ತುಂಬುವ ನರ್ಸ್‌ಗೆ, ಐಸ್ ಪೆಟ್ಟಿಗೆ ಹೊತ್ತು ಲ್ಯಾಬಿಗೆ ಹೋಗುವವರಿಗೆ ಕಳಿಸಿ. ಅವರ ಕೇಂದ್ರದ ಅಂಕಿಯ ಸುತ್ತ ಪೆನ್ನಿನಲ್ಲಿ ಒಂದು ವೃತ್ತ ಎಳೆದು ಕಳಿಸಿ.